ಹಳೆಯ ಮಿಲಿಟರಿ ಬ್ಯಾಡ್ಜ್: ಬೆನ್ನಿನ ಸ್ಲೈಡರ್, ಲಗ್, ಬ್ಲೇಡ್ ಅಸಲಿಯೇ ಎಂದು ನೋಡುವ ಬಗೆ

ಹಳೆಯ ಟೋಪಿ ಬ್ಯಾಡ್ಜ್ ಕೈಗೆ ಸಿಕ್ಕರೆ ಮೊದಲು ಮಗುಚಿ ನೋಡಿ. ಮುಂಭಾಗದ ಚಿತ್ತಾರವನ್ನು ಒಳ್ಳೆಯ ಅಚ್ಚೊಂದಿದ್ದರೆ ಯಾವ ಕಾಲದಲ್ಲಾದರೂ ಒತ್ತಬಹುದು. ಎಷ್ಟೋ ಬ್ರಿಟಿಷ್ ರೆಜಿಮೆಂಟುಗಳ ಹಳೆಯ ಅಚ್ಚುಗಳು ನಾಶವಾಗದೆ ಉಳಿದು, ರೆಜಿಮೆಂಟೇ ಇಲ್ಲವಾದ ಮೇಲೂ ಅವುಗಳಿಂದ ಬ್ಯಾಡ್ಜ್ ಒತ್ತಿದ್ದಾರೆ. ಅಂಥದ್ದರ ಮುಖ ನೋಡಿ ಏನೂ ಹೇಳಲಾಗದು, ಏಕೆಂದರೆ ಮುಖ ನಿಜಕ್ಕೂ ಅಸಲಿ ಅಚ್ಚಿನದೇ. ಬೆನ್ನಿಗೆ ಫಿಟಿಂಗ್, ಅಂದರೆ ಬ್ಯಾಡ್ಜನ್ನು ಟೋಪಿಗೆ ಸಿಕ್ಕಿಸುವ ಸ್ಲೈಡರ್, ಲಗ್ ಅಥವಾ ಬ್ಲೇಡ್, ಕೂರಿಸುವುದು ಮಾತ್ರ ಬೆಂಕಿ, ಬೆಸುಗೆ, ಕೈಗೆಲಸ ಬೇಡುವ ಬೇರೆಯೇ ಹಂತ. ಅದರ ಗುರುತು ಲೋಹದ ಮೇಲೆ ಉಳಿದುಬಿಡುತ್ತದೆ.

ಇಲ್ಲಿನ ವಿವರ ಬ್ರಿಟಿಷ್ ಮತ್ತು ಬ್ರಿಟಿಷ್ ಇಂಡಿಯನ್ ಸೇನೆಯ ಲೋಹದ ಬ್ಯಾಡ್ಜುಗಳಿಗೆ ಸಂಬಂಧಿಸಿದ್ದು. ಜರ್ಮನ್ ಪದಕಗಳ ಪಿನ್ನು, ಹಿಂಜುಗಳ ಲೆಕ್ಕವೇ ಬೇರೆ. ಅವನ್ನು ಇದೇ ಅಳತೆಗೋಲಿನಿಂದ ಅಳೆಯಬೇಡಿ.

ಶುರುವಿನಲ್ಲೇ ಒಂದು ಗೊಂದಲ ತಿಳಿಯಾಗಬೇಕು. "ಫಿಟಿಂಗ್ ಅಸಲಿಯೇ?" ಎಂಬ ಪ್ರಶ್ನೆಗೆ ಹೌದು, ಅಲ್ಲ ಎಂಬ ಎರಡೇ ಉತ್ತರ ಇಲ್ಲ. ಬ್ಯಾಡ್ಜೂ ಹಳೆಯದು, ಫಿಟಿಂಗೂ ಕಾರ್ಖಾನೆಯದು ಎನ್ನುವುದು ಒಂದು ಸ್ಥಿತಿ. ಬ್ಯಾಡ್ಜ್ ಹಳೆಯದು, ಆದರೆ ಬಳಕೆಯ ಕಾಲದಲ್ಲೇ ಸೈನಿಕನೋ ರೆಜಿಮೆಂಟಿನ ಕಮ್ಮಾರನೋ ಫಿಟಿಂಗ್ ಬದಲಿಸಿದ್ದಾನೆ ಎನ್ನುವುದು ಎರಡನೆಯದು. ಮೂರನೆಯದರಲ್ಲಿ ಬ್ಯಾಡ್ಜ್ ಹಳೆಯದು, ಫಿಟಿಂಗನ್ನು ಮಾರಾಟಕ್ಕೆಂದು ಇತ್ತೀಚೆಗೆ ಹಾಕಿದ್ದಾರೆ. ನಾಲ್ಕನೆಯದು ಪೂರ್ತಿ ನಕಲಿ. ಎರಡನೆಯದನ್ನು ನಕಲಿ ಎಂದು ಎಸೆಯುವುದು ಮೂರನೆಯದನ್ನು ಅಸಲಿ ಎಂದು ಕೊಳ್ಳುವಷ್ಟೇ ದೊಡ್ಡ ತಪ್ಪು.

ಯಾವ ಕಾಲಕ್ಕೆ ಯಾವ ಫಿಟಿಂಗ್

ಬೆಸುಗೆ ನೋಡುವ ಮೊದಲು ಕಾಲದ ಲೆಕ್ಕ ಹೊಂದುತ್ತದೆಯೇ ನೋಡಿ. ಎಷ್ಟೋ ನಕಲಿಗಳು ಇಲ್ಲೇ ಸಿಕ್ಕಿಬೀಳುತ್ತವೆ, ಭೂತಗನ್ನಡಿಯೂ ಬೇಕಾಗುವುದಿಲ್ಲ.

ಬ್ರಿಟಿಷ್ ಕಾಲಾಳು ಸೈನಿಕರ ಗ್ಲೆಂಗರಿ ಟೋಪಿಯ ಬ್ಯಾಡ್ಜುಗಳು 1874ರಿಂದ ಬಂದವು. ಇವಕ್ಕೆ ಲಗ್ ಇರುತ್ತದೆ. ಲಗ್ ಎಂದರೆ ತಾಮ್ರದ ಅಥವಾ ಹಿತ್ತಾಳೆಯ ತಂತಿಯ ಚಿಕ್ಕ ಕೊಂಡಿ. ಕೊಂಡಿಯನ್ನು ಬಟ್ಟೆಯ ತೂತಿನೊಳಗೆ ತೂರಿಸಿ, ಒಳಗಿನಿಂದ ಕಾಟರ್ ಪಿನ್ ಹಾಯಿಸಿ ಬಿಗಿ ಮಾಡುತ್ತಿದ್ದರು. ಸ್ಲೈಡರ್ ಬಳಕೆಗೆ ಬಂದದ್ದು 1896–98ರ ಸುಮಾರಿಗೆ, ಫೀಲ್ಡ್ ಸರ್ವಿಸ್ ಟೋಪಿಯ ಜೊತೆ. ಅದೊಂದು ಉದ್ದ ಲೋಹದ ಪಟ್ಟಿ. ಮೇಲ್ತುದಿ ಬ್ಯಾಡ್ಜಿಗೆ ಅಂಟಿಕೊಂಡಿರುತ್ತದೆ, ಅಲ್ಲಿಂದ ಮೆಟ್ಟಿಲಿನಂತೆ ಹೊರಬಾಗಿ ಕೆಳಗಿಳಿಯುತ್ತದೆ. ಪಟ್ಟಿಗೂ ಬ್ಯಾಡ್ಜಿಗೂ ನಡುವೆ ಟೋಪಿಯ ಬಟ್ಟೆ ಸಿಕ್ಕಿಕೊಳ್ಳುತ್ತದೆ.

ಈ ಲೆಕ್ಕದಿಂದ ಹೊರಡುವ ಮಾತು: ವಿಕ್ಟೋರಿಯಾ ಕಿರೀಟ ಇರುವ ಬ್ಯಾಡ್ಜಿಗೆ ಸ್ಲೈಡರ್ ಇದ್ದರೆ ಅದು 1896ರ ಆಚೀಚೆಯಿಂದ ರಾಣಿ ತೀರಿಕೊಂಡ 1901ರವರೆಗಿನ ಸಣ್ಣ ಅವಧಿಯದಾಗಿರಬೇಕು. ಅಸಾಧ್ಯವೇನಲ್ಲ, ಅಂಥ ಅಸಲಿ ಬ್ಯಾಡ್ಜುಗಳಿವೆ. ಆದರೆ ಅವು ದುಬಾರಿ, ಆದ್ದರಿಂದಲೇ ನಕಲಿಯೂ ಹೆಚ್ಚು. 1880ರ ದಶಕದ್ದೆಂದು ಹೇಳುವ ಬ್ಯಾಡ್ಜಿನ ಬೆನ್ನಲ್ಲಿ ಸ್ಲೈಡರ್ ಕಂಡರೆ ಮಾತ್ರ ಅದು ಕಾರ್ಖಾನೆಯ ಫಿಟಿಂಗ್ ಅಲ್ಲ, ಮುಂದೆ ಚರ್ಚೆ ಬೇಡ. ಹೆಲ್ಮೆಟ್ಟಿನ ಫಲಕದ ನಡುವಿನ ವೃತ್ತಾಕಾರದ ತುಂಡಿಗೆ ಸಾಮಾನ್ಯವಾಗಿ ಮೂರು ಲಗ್ ಇರುತ್ತವೆ. ಅವನ್ನು ಕಿತ್ತು ಸ್ಲೈಡರ್ ಕೂರಿಸಿ ಟೋಪಿ ಬ್ಯಾಡ್ಜ್ ಎಂದು ಮಾರುವುದುಂಟು.

ಅಧಿಕಾರಿಗಳ ಕಂಚಿನ ಬಣ್ಣದ ಸರ್ವಿಸ್ ಡ್ರೆಸ್ ಬ್ಯಾಡ್ಜುಗಳು 1902ರ ನಂತರದವು. ಇವಕ್ಕೆ ಲಗ್ ಅಥವಾ ಬ್ಲೇಡ್ ಇರುವುದು ರೂಢಿ. ಬ್ಲೇಡ್ ಎಂದರೆ ಬಟ್ಟೆಯ ಹಿಂದೆ ಆಚೀಚೆ ಮಡಚುವ ಎರಡು ತೆಳು ಪಟ್ಟಿ. ಕಂಚಿನ ಬಣ್ಣದ ಅಧಿಕಾರಿ ಬ್ಯಾಡ್ಜಿಗೆ ಸೈನಿಕರ ಸ್ಲೈಡರ್ ಇದ್ದರೆ ಎರಡು ಸಾಧ್ಯತೆ ನೋಡಿ. ಫಿಟಿಂಗ್ ಬದಲಾಗಿರಬಹುದು, ಇಲ್ಲವೇ ಸಾಮಾನ್ಯ ಸೈನಿಕರ ಹಿತ್ತಾಳೆ ಬ್ಯಾಡ್ಜಿಗೆ ಬಣ್ಣ ಬಳಿದು ಅಧಿಕಾರಿಯದು ಮಾಡಿರಬಹುದು. ಎರಡನೆಯದೇ ಹೆಚ್ಚು. ಬಣ್ಣ ಸ್ಲೈಡರಿನ ಬುಡದ ಬೆಸುಗೆಯ ಮೇಲೂ ಹರಿದಿದ್ದರೆ, ಸ್ಲೈಡರಿನ ಕೆಳಗೆ ಅವಿತ ಜಾಗದಲ್ಲಿ ಹಳೆಯ ಹಿತ್ತಾಳೆ ಹಾಗೇ ಉಳಿದಿದ್ದರೆ ಸಂಶಯ ಬೇಡ.

1916ರಲ್ಲಿ ಯುದ್ಧದ ಲೋಹದ ಅಭಾವದಿಂದ, ಎರಡು ಲೋಹದಲ್ಲಿ ಆಗುತ್ತಿದ್ದ ಎಷ್ಟೋ ಬ್ಯಾಡ್ಜುಗಳನ್ನು ಪೂರ್ತಿ ಹಿತ್ತಾಳೆಯಲ್ಲೇ ಒತ್ತಿದರು. ಎರಡನೇ ಮಹಾಯುದ್ಧದ ನಡುವೆ, 1940ರ ದಶಕದ ಮೊದಲ ವರ್ಷಗಳಲ್ಲಿ, ಪ್ಲಾಸ್ಟಿಕ್ ಬ್ಯಾಡ್ಜ್ ಬಂತು. ವಾಲ್ಸಾಲ್‌ನ ಎ. ಸ್ಟ್ಯಾನ್ಲಿ ಅಂಡ್ ಸನ್ಸ್ ಹೆಸರು ಬೆನ್ನಲ್ಲಿ ಕಾಣುವುದು ಇವುಗಳ ಮೇಲೇ. ಇವಕ್ಕೆ ಎರಡು ಲೋಹದ ಬ್ಲೇಡುಗಳನ್ನು ಪ್ಲಾಸ್ಟಿಕ್ಕಿನೊಳಗೇ ಕೂಡಿಸಿ ಅಚ್ಚು ಹಾಕಿರುತ್ತಾರೆ. ಬ್ಲೇಡಿನ ಬುಡದ ಸುತ್ತ ಪ್ಲಾಸ್ಟಿಕ್ ಒಡೆಯದೆ ಮುತ್ತಿಕೊಂಡಿರಬೇಕು. ಸುತ್ತ ಅಂಟಿನ ದಿಬ್ಬ ಕಂಡರೆ ಮುರಿದ ಬ್ಲೇಡನ್ನು ಮತ್ತೆ ಅಂಟಿಸಿದ್ದಾರೆ ಎಂದರ್ಥ.

1950ರ ದಶಕದ ಮೊದಲಲ್ಲಿ ಬಂದದ್ದು ಮಿರುಗುವ ಆನೊಡೈಸ್ಡ್ ಅಲ್ಯುಮಿನಿಯಂ, ಸ್ಟೇಬ್ರೈಟ್ ಎಂದು ಕರೆಯುವುದು. ಅಲ್ಯುಮಿನಿಯಂಗೆ ಮಾಮೂಲಿ ಸೀಸ–ತವರದ ಬೆಸುಗೆ ಹಿಡಿಯುವುದಿಲ್ಲ. ಹಾಗಾಗಿ ಸ್ಟೇಬ್ರೈಟ್ ಬ್ಯಾಡ್ಜಿನ ಬೆನ್ನಲ್ಲಿ ಬೂದು ಬಣ್ಣದ ಬೆಸುಗೆಯ ಗಡ್ಡೆ ಕಂಡರೆ ಅದು ಬೆಸುಗೆಯಲ್ಲ, ಎಪಾಕ್ಸಿ ಅಂಟು.

ಕಿರೀಟದ ಲೆಕ್ಕವೂ ಜೊತೆಗಿರಲಿ: 1901ರವರೆಗೆ ವಿಕ್ಟೋರಿಯಾ ಮಾದರಿ, ಅಲ್ಲಿಂದ 1953ರವರೆಗೆ ಟ್ಯೂಡರ್ ಅಂದರೆ ರಾಜನ ಕಿರೀಟ, ಆಮೇಲೆ 2022ರವರೆಗೆ ಸೇಂಟ್ ಎಡ್ವರ್ಡ್ ಅಂದರೆ ರಾಣಿಯ ಕಿರೀಟ. ಭಾರತೀಯ ಸೇನೆಯಲ್ಲಿ 1950ರ ಜನವರಿ 26ರ ನಂತರ ಕಿರೀಟದ ಜಾಗಕ್ಕೆ ಅಶೋಕ ಸ್ತಂಭದ ಸಿಂಹ ಬಂತು. ಹಳೆಯ ದಾಸ್ತಾನು ಖರ್ಚಾಗುವವರೆಗೆ ಹಳೆಯದನ್ನೇ ತೊಟ್ಟವರಿದ್ದಾರೆ, ಒಂದೆರಡು ವರ್ಷ ಆಚೀಚೆ ಆದರೆ ತಲೆ ಕೆಡಿಸಿಕೊಳ್ಳಬೇಡಿ.

ಬೇಕಾದ ಸಾಮಾನು

10 ಪಟ್ಟು ದೊಡ್ಡದು ಮಾಡುವ ಅಕ್ಕಸಾಲಿಗರ ಭೂತಗನ್ನಡಿ ಮುಖ್ಯ. 30, 40 ಪಟ್ಟಿನದನ್ನು ಮೊದಲೇ ಕೊಳ್ಳಬೇಡಿ, ಎಲ್ಲವೂ ಗೀರಾಗಿ ಕಂಡು ದಾರಿ ತಪ್ಪಿಸುತ್ತದೆ. 0.01 ಮಿ.ಮೀ. ತೋರಿಸುವ ಡಿಜಿಟಲ್ ಕ್ಯಾಲಿಪರ್, 0.1 ಗ್ರಾಂ ತೂಗುವ ಪುಟ್ಟ ತಕ್ಕಡಿ, ಚಿಕ್ಕ ಗಟ್ಟಿ ಅಯಸ್ಕಾಂತ, 365 ನ್ಯಾನೋಮೀಟರಿನ ಯುವಿ ಟಾರ್ಚ್, ಕೆಲವು ಬಿದಿರಿನ ಹಲ್ಲುಕಡ್ಡಿ, ಹತ್ತಿ. ಇಷ್ಟು ಸಾಕು. ಬೆಳಕು ಮಾತ್ರ ಪಕ್ಕದಿಂದ ಬರಬೇಕು. ನೇರ ಮೇಲಿನಿಂದ ಬಿದ್ದ ಬೆಳಕಿನಲ್ಲಿ ಕಾಣದ ಅರದ ಗೆರೆ, ಹಳೆಯ ಬೆಸುಗೆಯ ಕಲೆ, ಸಣ್ಣ ತಗ್ಗು ಎಲ್ಲ ಓರೆ ಬೆಳಕಿನಲ್ಲಿ ಎದ್ದು ಬರುತ್ತವೆ.

ನೋಡಿ ಮುಗಿಯುವವರೆಗೆ ಬ್ಯಾಡ್ಜನ್ನು ತೊಳೆಯಬೇಡಿ. ಹುಣಸೆಹಣ್ಣು, ಪೀತಾಂಬರಿ ಪುಡಿ, ಬ್ರಾಸೋ ಯಾವುದೂ ಬೇಡ. ನಮ್ಮಲ್ಲಿ ಹಿತ್ತಾಳೆ ಎಂದರೆ ಹುಣಸೆ ಹಚ್ಚಿ ತಿಕ್ಕುವ ಕೈ ತಾನಾಗಿ ಮುಂದೆ ಬರುತ್ತದೆ. ಹುಳಿಯ ಆಮ್ಲ ಮೇಲಿನ ಕಿಲುಬನ್ನೂ ಕಪ್ಪನ್ನೂ ತೊಳೆದು, ಬುಡದ ಬೆಸುಗೆಯನ್ನೂ ಸುತ್ತಲ ಲೋಹವನ್ನೂ ಒಂದೇ ಬಣ್ಣ ಮಾಡಿಬಿಡುತ್ತದೆ. ಆಮೇಲೆ ಓದಲು ಏನೂ ಉಳಿಯುವುದಿಲ್ಲ.

ಮೊದಲು ಹಳೆಯ ಕಲೆ ಹುಡುಕಿ

ಫಿಟಿಂಗ್ ನೋಡುವ ಮೊದಲು ಫಿಟಿಂಗ್ ಇಲ್ಲದ ಜಾಗ ನೋಡಿ. ಲಗ್ ಇದ್ದು ಕಿತ್ತುಹೋದಲ್ಲಿ ಕಡಲೆಕಾಳಿಗಿಂತ ಸಣ್ಣ ದುಂಡನೆಯ ಕಲೆ ಇರುತ್ತದೆ. ಅಲ್ಲಿ ಲೋಹದ ಬಣ್ಣ ಬೇರೆ, ಮೇಲ್ಮೈ ತುಸು ಒರಟು. ಸಂಗ್ರಾಹಕರು ಭೂಪಟ ನೋಡುವಂತೆ ಬ್ಯಾಡ್ಜನ್ನು ನೆಟ್ಟಗೆ ಹಿಡಿದು, ಲಗ್ ಎಡ–ಬಲಕ್ಕಿದ್ದರೆ ಪೂರ್ವ–ಪಶ್ಚಿಮ, ಮೇಲೆ–ಕೆಳಗಿದ್ದರೆ ಉತ್ತರ–ದಕ್ಷಿಣ ಎನ್ನುತ್ತಾರೆ. ಈ ನಾಲ್ಕು ದಿಕ್ಕಲ್ಲೂ ಜೋಡಿ ಕಲೆ ಹುಡುಕಿ. ಒಂದೇ ಕಲೆ ಸಿಕ್ಕರೆ ಅದರ ಜೋಡಿ ಈಗಿನ ಸ್ಲೈಡರಿನ ಬುಡದಡಿ ಅವಿತಿರಬಹುದು.

ಸ್ಲೈಡರ್ ಕಿತ್ತ ಕಲೆ ಉದ್ದನೆಯ ಚೌಕ. ಅದರ ಅಂಚು ಸಾಮಾನ್ಯವಾಗಿ ನೇರ. ಈಗ ಲಗ್ ಇರುವ ಬ್ಯಾಡ್ಜಿನ ನಡುವೆ ಅಂಥ ಚೌಕ ಕಂಡರೆ ಫಿಟಿಂಗ್ ಬದಲಾದದ್ದು ಖಚಿತ. ಯಾವಾಗ ಬದಲಾಯಿತು ಎಂಬುದು ಮುಂದಿನ ಪ್ರಶ್ನೆ. ಬೆರೆ ಎಂಬ ಮೆತ್ತನೆಯ ದುಂಡು ಟೋಪಿಗೆ, ಪೇಟಕ್ಕೆ, ಬಿಸಿಲ ನಾಡಿನ ಹೆಲ್ಮೆಟ್ಟಿಗೆ ಹೊಂದಲೆಂದು ಸ್ಲೈಡರ್ ತೆಗೆದು ಲಗ್ ಹಾಕಿಸಿದ್ದು ಸೇನೆಯಲ್ಲೇ ನಡೆದ ಕೆಲಸ. ಕಲೆಯ ಮೇಲೆ ಸುತ್ತಲಿನಷ್ಟೇ ಹಳೆಯ ಕಪ್ಪು, ಹಳೆಯ ಪಾಲಿಷ್ ಕಸ ಕೂತಿದ್ದರೆ ಬದಲಾವಣೆ ಹಳೆಯದು. ಕಲೆ ಬೆಳ್ಳಗೆ ಮಿನುಗುತ್ತಿದ್ದರೆ, ಮೇಲೆ ಅರದ ಹೊಸ ಗೆರೆ ಕಂಡರೆ ಈಚಿನದು.

ಮುಖದ ಕಡೆಯೂ ಅದೇ ಜಾಗ ನೋಡಲು ಮರೆಯಬೇಡಿ. ಲಗ್ಗನ್ನು ಎಳೆದು ಕಿತ್ತಾಗ ತೆಳು ತಗಡು ಹಿಂದಕ್ಕೆ ಎಳೆದುಕೊಂಡು ಮುಂದೆ ಸಣ್ಣ ತಗ್ಗಾಗುತ್ತದೆ. ನೇರ ಬೆಳಕಿನಲ್ಲಿ ಅದು ಕಾಣುವುದೇ ಇಲ್ಲ.

ಬೆಸುಗೆ: ಇಲ್ಲೇ ಹೊತ್ತು ಕಳೆಯಿರಿ

ಹಳೆಯ ಕಾರ್ಖಾನೆಗಳು ಸ್ಲೈಡರನ್ನೂ ಲಗ್ಗನ್ನೂ ಬಹುಪಾಲು ಬ್ರೇಜಿಂಗ್, ಅಂದರೆ ಗಟ್ಟಿ ಬೆಸುಗೆ, ಮಾಡಿ ಕೂರಿಸುತ್ತಿದ್ದವು. ಬೆಳ್ಳಿ ಬೆರೆತ ಗಟ್ಟಿ ಬೆಸುಗೆ ಕರಗಲು 600 ಡಿಗ್ರಿ ಸೆಲ್ಸಿಯಸ್‌ಗೂ ಮೇಲಿನ ಕಾವು ಬೇಕು. ಮನೆಯ ಸೋಲ್ಡರಿಂಗ್ ಕಬ್ಬಿಣದಿಂದ ಹಾಕುವ ಸೀಸ–ತವರದ ಮೃದು ಬೆಸುಗೆ 183 ಡಿಗ್ರಿಗೇ ಕರಗುತ್ತದೆ, ಸೀಸವಿಲ್ಲದ ಈಗಿನದು 220ರ ಆಸುಪಾಸಿನಲ್ಲಿ. ಎರಡರ ನಡುವಿನ ಈ ಅಂತರವೇ ನಮ್ಮ ಪರೀಕ್ಷೆಯ ಬುನಾದಿ. ಕಾರ್ಖಾನೆಯಲ್ಲಿ ಫಿಟಿಂಗ್ ಕೂರಿಸಿ, ಆಮ್ಲದಲ್ಲಿ ತೊಳೆದು, ಆಮೇಲೆ ಹೊಳಪು, ಗಿಲೀಟು, ಕಂಚಿನ ಬಣ್ಣ ಕೊಡುತ್ತಿದ್ದರು. ಎಲ್ಲ ಮುಗಿದ ಬ್ಯಾಡ್ಜಿಗೆ ಮತ್ತೆ 600 ಡಿಗ್ರಿ ಕೊಟ್ಟರೆ ಗಿಲೀಟು ಹಾಳು, ಎನಾಮಲ್ ಬಿರುಕು, ಎರಡು ಲೋಹದ್ದಾದರೆ ಮುಂದಿನ ಬಿಳಿ ಲೋಹದ ತುಂಡೇ ಜಾರಿಹೋಗಬಹುದು. ಆದ್ದರಿಂದ ಈಚೆಗೆ ಫಿಟಿಂಗ್ ಹಾಕುವವರು ಮೃದು ಬೆಸುಗೆಗೋ ಅಂಟಿಗೋ ಮೊರೆಹೋಗುತ್ತಾರೆ.

ಭೂತಗನ್ನಡಿಯಲ್ಲಿ ಬುಡವನ್ನು ಪಕ್ಕದಿಂದ ನೋಡಿ. ಬ್ರೇಜಿಂಗಿನ ಲೋಹ ಫಿಟಿಂಗಿನ ಕಾಲಿಗೂ ಬ್ಯಾಡ್ಜಿಗೂ ನಡುವಿನ ಸಂದಿಗೆ ಇಳಿದು, ಅಂಚಿನಲ್ಲಿ ಲೋಟದ ಗೋಡೆಗೆ ಏರಿದ ನೀರಿನಂತೆ ತೆಳುವಾಗಿ ಒಳಬಾಗಿರುತ್ತದೆ. ಅದರ ಬಣ್ಣ ಹಳದಿ ಛಾಯೆಯ ಬಿಳುಪು ಅಥವಾ ಹಿತ್ತಾಳೆಗೆ ಹತ್ತಿರ. ಹೆಚ್ಚಾದದ್ದು ಹೊರಗೆ ಹರಿದಿದ್ದರೂ ಚಪ್ಪಟೆಯಾಗಿ, ಲೋಹಕ್ಕೆ ನೆನೆದಂತೆ ಹರಡಿರುತ್ತದೆ. ಮೃದು ಬೆಸುಗೆ ಬೂದುಬಣ್ಣದ್ದು, ದಪ್ಪ, ಹೊರಕ್ಕೆ ಉಬ್ಬಿದ್ದು. ಕೆಲವೊಮ್ಮೆ ಕಾಲಿನ ಸುತ್ತ ಗುಡ್ಡೆ ಹಾಕಿದಂತೆ ಇರುತ್ತದೆ. ಕಾವು ಸಾಲದೆ ಹಾಕಿದ್ದಾದರೆ ಒಂದು ಅಂಚಿನಲ್ಲಿ ಕೂದಲೆಳೆ ಸಂದಿ ಬಿಟ್ಟಿರುತ್ತದೆ.

ಗೊತ್ತಾಗದಿದ್ದರೆ ಬೆಸುಗೆಯ ಮರೆಯ ಅಂಚಿನಲ್ಲಿ ಹೊಲಿಗೆ ಸೂಜಿಯ ಮೊನೆಯಿಂದ ಕಾಣದಷ್ಟು ಸಣ್ಣಗೆ ಒತ್ತಿ. ಮೃದು ಬೆಸುಗೆಯಾದರೆ ಮೊನೆ ಕೂರುತ್ತದೆ, ಬ್ರೇಜಿಂಗ್ ಆದರೆ ಜಾರುತ್ತದೆ. ನಿಮ್ಮ ಸ್ವಂತ ಬ್ಯಾಡ್ಜಿಗೆ ಮಾತ್ರ ಇದನ್ನು ಮಾಡಿ. ಅಂಗಡಿಯಲ್ಲಿ ಕೇಳದೆ ಮಾಡಿದರೆ ಜಗಳ ಗ್ಯಾರಂಟಿ.

ಬುಡದ ಸುತ್ತಲಿನ ಲೋಹ ಇನ್ನೂ ಹೆಚ್ಚು ಹೇಳುತ್ತದೆ. ಕಾರ್ಖಾನೆಯ ಕೆಲಸದಲ್ಲಿ ಬ್ಯಾಡ್ಜಿನ ಇಡೀ ಬೆನ್ನು ಕಾವು ಕಂಡು, ಇಡೀ ಬೆನ್ನು ಆಮ್ಲದಲ್ಲಿ ಮಿಂದಿರುತ್ತದೆ, ಆಮೇಲೆ ಎಲ್ಲವೂ ಒಟ್ಟಿಗೇ ಹಳತಾಗುತ್ತದೆ. ಈಚೆಗೆ ಬೆಸೆದದ್ದರ ಸುತ್ತ ಉಂಗುರದಂಥ ಛಾಯೆ ನಿಲ್ಲುತ್ತದೆ. ಒಳಗೆ ಮಸಿ ಸುಟ್ಟುಹೋದ ತಿಳಿ ಜಾಗ, ಅದರ ಹೊರಗೆ ಕಂದು–ನೇರಳೆಯ ಕಾವಿನ ಬಣ್ಣ, ಅದರಾಚೆ ಹಳೆಯ ಕಪ್ಪು. ಅದನ್ನು ಮುಚ್ಚಲು ಆಮ್ಲದಲ್ಲಿ ಅದ್ದಿದರೆ ಹಿತ್ತಾಳೆಯ ಮೇಲ್ಪದರದಲ್ಲಿ ತಾಮ್ರದ ಪಾಲು ಹೆಚ್ಚಾಗಿ ತಿಳಿ ಗುಲಾಬಿ ಬಣ್ಣ ಬರುತ್ತದೆ. ಬೆನ್ನಿನ ನಡುವೆ ಮಾತ್ರ ಗುಲಾಬಿ, ಅಂಚಿಗೆ ಹಳದಿ–ಕಂದು ಎಂದಿದ್ದರೆ ಸುಮ್ಮನೆ ಬ್ಯಾಡ್ಜನ್ನು ವಾಪಸ್ ಇಡಿ. ಬುಡದ ಸಂದಿಯಲ್ಲಿ ಗಾಜಿನಂತೆ ಗಟ್ಟಿಯಾದ ತುಣುಕು ಕಂಡರೆ ಅದು ಬ್ರೇಜಿಂಗಿಗೆ ಬಳಸುವ ಬಿಳಿಗಾರದ ಉಳಿಕೆ. ಅಂಟಂಟು ಕಂದು ರಾಳವಾದರೆ ಎಲೆಕ್ಟ್ರಾನಿಕ್ಸ್ ಅಂಗಡಿಯ ಸೋಲ್ಡರ್ ತಂತಿಯೊಳಗಿನದು.

ಇಷ್ಟಾದರೂ ಮೃದು ಬೆಸುಗೆ ಎಂದ ಕೂಡಲೇ ನಕಲಿ ಎನ್ನಬೇಡಿ. ಯುದ್ಧಕಾಲದಲ್ಲಿ ಮುರಿದ ಲಗ್ಗನ್ನು ಹತ್ತಿರದ ಕಮ್ಮಾರನಲ್ಲಿ ತವರದಿಂದ ಬೆಸೆಸಿದವರು ಎಷ್ಟೋ ಜನ. ಹಳೆಯ ಸೀಸದ ಬೆಸುಗೆ ಮಂಕಾಗಿ, ಕಡುಬೂದು ಬಣ್ಣಕ್ಕೆ ತಿರುಗಿ, ಬೆಸುಗೆಯ ಕಡಿದಾದ ಮಡಿಕೆಗಳಲ್ಲಿ ಪಾಲಿಷ್ ಕಸ ಕೂತಿರುತ್ತದೆ. ಹೊಸದು ಬೆಳ್ಳಿಯಂತೆ ಮಿಂಚುತ್ತದೆ, ಇಲ್ಲವೇ ಮಿಂಚು ಕೊಲ್ಲಲು ಮೇಲೆ ಕಪ್ಪು ಬಳಿದಿರುತ್ತಾರೆ. ಬಳಿದ ಕಪ್ಪೇ ಎಂದು ತಿಳಿಯಲು ವೈಟ್ ಸ್ಪಿರಿಟ್ (ಪೇಂಟ್ ತೆಳುಮಾಡುವ ದ್ರವ) ತಾಗಿಸಿದ ಹತ್ತಿಯಿಂದ ಒಮ್ಮೆ ಒರೆಸಿ. ಬೂಟ್ ಪಾಲಿಷ್ ಆದರೆ ಹತ್ತಿಗೆ ಬರುತ್ತದೆ. ಗಂಧಕದ ರಾಸಾಯನಿಕದಿಂದ ಕಪ್ಪು ಮಾಡಿದ್ದು ಬರುವುದಿಲ್ಲ, ಆದರೆ ಅದು ಉಬ್ಬು–ತಗ್ಗು ನೋಡದೆ ಎಲ್ಲೆಡೆ ಒಂದೇ ಸಮನಾಗಿ ಇರುತ್ತದೆ. ನಿಜವಾಗಿ ಹಳತಾದ ಲೋಹ ಹಾಗಿರುವುದಿಲ್ಲ.

ಅಂಟಿನ ಸಂಶಯ ಬಂದರೆ ಕತ್ತಲಲ್ಲಿ ಯುವಿ ಟಾರ್ಚ್ ಹಿಡಿಯಿರಿ. ಎಪಾಕ್ಸಿ ಬಹುಮಟ್ಟಿಗೆ ನೀಲಿ–ಬಿಳಿಯಾಗಿ ಬೆಳಗುತ್ತದೆ, ಲೋಹದ ಬೆಸುಗೆ ಬೆಳಗುವುದಿಲ್ಲ. ಲೋಹದ ಪುಡಿ ಬೆರೆಸಿದ ಬೂದು ಎಪಾಕ್ಸಿ ಅಷ್ಟಾಗಿ ಬೆಳಗದೆ ಮೋಸ ಮಾಡಬಹುದು. ಅಂಥಲ್ಲಿ ಹಲ್ಲುಕಡ್ಡಿಯಿಂದ ಅಂಚನ್ನು ತಡವಿದರೆ ಅಂಟು ಲೋಹದ ಮೇಲೆ ಕುಳಿತಿದೆ, ಲೋಹಕ್ಕೆ ಹಿಡಿದಿಲ್ಲ ಎನ್ನುವುದು ಕೈಗೇ ಗೊತ್ತಾಗುತ್ತದೆ.

ಬೆಂಗಳೂರಿನ ಚಿಕ್ಕಪೇಟೆ, ಅವೆನ್ಯೂ ರಸ್ತೆಯ ಕಡೆ ಚಿನ್ನ ಪರೀಕ್ಷಿಸುವ ಎಕ್ಸ್‌ಆರ್‌ಎಫ್ ಯಂತ್ರ (ಎಕ್ಸ್ ಕಿರಣದಿಂದ ಲೋಹ ಗುರುತಿಸುವಂಥದ್ದು) ಇರುವ ಅಂಗಡಿಗಳಿವೆ. ಬೆಸುಗೆಯ ಮೇಲೆ ಒಮ್ಮೆ, ಖಾಲಿ ಲೋಹದ ಮೇಲೆ ಒಮ್ಮೆ ಓದಿಸಿ. ಬೆಸುಗೆಯಲ್ಲಿ ಬೆಳ್ಳಿ ಕಂಡರೆ ಗಟ್ಟಿ ಬೆಸುಗೆಯ ಕಡೆ, ತವರ–ಸೀಸ ಎದ್ದು ಬಂದರೆ ಮೃದುವಿನ ಕಡೆ ವಾಲಿಕೊಳ್ಳಿ. ತವರದ ಜೊತೆ ಸ್ವಲ್ಪವೇ ಬೆಳ್ಳಿ ಇದ್ದು ಸೀಸ ಇಲ್ಲವೆಂದರೆ ಅದು ಸೀಸರಹಿತ ಸೋಲ್ಡರ್ ಇರಬಹುದು, ಅಂದರೆ ಕೆಲಸ ಇತ್ತೀಚಿನದು. ಯಂತ್ರದ ಕಿರಣ ಬೀಳುವ ಜಾಗ ಲಗ್ಗಿನ ಬುಡಕ್ಕಿಂತ ದೊಡ್ಡದಿದ್ದರೆ ಸುತ್ತಲ ಹಿತ್ತಾಳೆಯ ತಾಮ್ರ, ಸತುವೂ ಬೆರೆಯುತ್ತವೆ. ಯಂತ್ರವನ್ನು ಚಿನ್ನಕ್ಕೆ ಹೊಂದಿಸಿರುವುದರಿಂದ ಶೇಕಡಾವಾರು ಅಂಕಿಯನ್ನು ನೆಚ್ಚಬೇಡಿ, ಯಾವ ಲೋಹ ಇದೆ, ಯಾವುದು ಇಲ್ಲ ಎಂಬುದನ್ನಷ್ಟೇ ತೆಗೆದುಕೊಳ್ಳಿ.

ಫಿಟಿಂಗಿನ ಮೈ ಮತ್ತು ಸವೆತ

ಸ್ಲೈಡರ್ ಅನ್ನು ತಗಡಿನಿಂದ ಪ್ರೆಸ್ಸಿನಲ್ಲಿ ಕತ್ತರಿಸುತ್ತಿದ್ದರು. ಹಾಗೆ ಕತ್ತರಿಸಿದ ಅಂಚು ಒಂದು ಬದಿಗೆ ತುಸು ದುಂಡಗೆ, ಇನ್ನೊಂದು ಬದಿಗೆ ತುಸು ಹರಿತ. ಕತ್ತರಿಯಿಂದ ಕತ್ತರಿಸಿ ಅರ ಹಾಕಿದ ತಗಡಿನಲ್ಲಿ ಅಂಚಿನುದ್ದಕ್ಕೂ ಅರದ ಗೆರೆ ಕಾಣುತ್ತದೆ, ಎರಡು ಅಂಚು ಸಮಾನಾಂತರವೂ ಇರುವುದಿಲ್ಲ. ಕ್ಯಾಲಿಪರಿನಿಂದ ಮೂರು ಕಡೆ ಅಗಲ ಅಳೆದರೆ ತಿಳಿಯುತ್ತದೆ. ತುದಿ ಮಾತ್ರ ಕತ್ತರಿಸಿ, ಉಳಿದದ್ದು ಸರಿಯಾಗಿದ್ದರೆ ಅದು ಬೆರೆ ಟೋಪಿಗೆ ಹೊಂದಲು ಮೊಟಕು ಮಾಡಿದ ಅಸಲಿ ಸ್ಲೈಡರ್ ಇರಬಹುದು. ಸ್ಲೈಡರಿನ ನಡುವೆ ಹಿಸುಕಿದ ತಗ್ಗು ಇದೆಯೋ ಇಲ್ಲವೋ ಎಂಬುದರ ಮೇಲೆ ಕಾಲ ನಿರ್ಧರಿಸುವವರಿದ್ದಾರೆ. ಒಂದೇ ಗುರುತಿಗೆ ಅಷ್ಟು ಭಾರ ಹೊರಿಸಬಾರದು.

ತಯಾರಕರ ಹೆಸರಿಗೂ ಅದೇ ಮಾತು. ಜೆ.ಆರ್. ಗಾಂಟ್, ಫರ್ಮಿನ್ ಇವೆಲ್ಲ ನಿಜವಾದ ದೊಡ್ಡ ಹೆಸರುಗಳು. ಆದರೆ ಸ್ಲೈಡರ್ ಮೇಲೆ ಹೆಸರು ಒತ್ತಿದೆ ಎಂಬುದೇ ಪ್ರಮಾಣವಲ್ಲ. ಗಾಂಟ್ ಹೆಸರಿನ ಸ್ಲೈಡರ್ ಇರುವ, ಹಳೆಯ ಅಚ್ಚಿನಿಂದ ಮತ್ತೆ ಒತ್ತಿದ ಬ್ಯಾಡ್ಜುಗಳೂ ಮಾರುಕಟ್ಟೆಯಲ್ಲಿ ಧಾರಾಳ. ಹೆಸರಿನ ಅಕ್ಷರ ಚೂಪಾಗಿ, ಆಳ ಒಂದೇ ಸಮನಾಗಿ ಇದೆಯೇ, ಸ್ಲೈಡರ್ ಬಾಗಿಸುವ ಮೊದಲೇ ಒತ್ತಿದ್ದೇ ನೋಡಿ. ಎರಕದ ನಕಲಿಯಲ್ಲಿ ಅಕ್ಷರಗಳ ತಳ ದುಂಡಾಗಿ ತುಂಬಿಕೊಂಡಿರುತ್ತದೆ.

ಎರಕದ ವಿಷಯ ಬಂದದ್ದರಿಂದ: ಅಸಲಿ ಬ್ಯಾಡ್ಜನ್ನು ಮಾದರಿಯಾಗಿಟ್ಟು ಹಿತ್ತಾಳೆ ಎರಕ ಹೊಯ್ದರೆ ಲೋಹ ತಣಿಯುವಾಗ ಸುಮಾರು 1.5% ಕುಗ್ಗುತ್ತದೆ. 45 ಮಿ.ಮೀ. ಎತ್ತರದ ಬ್ಯಾಡ್ಜ್ ಸುಮಾರು 0.7 ಮಿ.ಮೀ. ಗಿಡ್ಡವಾಗುತ್ತದೆ, ತೂಕ ಮಾತ್ರ ಸಾಮಾನ್ಯವಾಗಿ ಹೆಚ್ಚಾಗಿರುತ್ತದೆ. ಒತ್ತಿದ ಅಸಲಿ ಬ್ಯಾಡ್ಜಿನ ಬೆನ್ನಲ್ಲಿ ಮುಖದ ಚಿತ್ರದ ತಗ್ಗು ಪ್ರತಿಬಿಂಬ ಇರುವುದು ರೂಢಿ. ಎರಕದ್ದಕ್ಕೆ ಬೆನ್ನು ಚಪ್ಪಟೆ ಇರಬಹುದು, ಸೂಜಿಮೊನೆಯಂಥ ಗುಳಿಗಳಿರುತ್ತವೆ. ಕೆಲವರು ಲಗ್ಗನ್ನೂ ಬ್ಯಾಡ್ಜಿನ ಜೊತೆಗೇ ಎರಕ ಹೊಯ್ಯುತ್ತಾರೆ. ಆಗ ಲಗ್ಗಿನ ಕಾಲಿಗೂ ಬ್ಯಾಡ್ಜಿಗೂ ನಡುವೆ ಬೆಸುಗೆಯ ಗೆರೆಯೇ ಇರದು, ತೂತನ್ನು ಡ್ರಿಲ್ಲಿನಿಂದ ಕೊರೆದಿರುತ್ತಾರೆ. ಇಷ್ಟು ಸಿಕ್ಕರೆ ಮುಂದೆ ನೋಡುವ ಕೆಲಸವಿಲ್ಲ.

ಲಗ್ಗಿನ ಒಳಗಣ್ಣನ್ನು ಭೂತಗನ್ನಡಿಯಲ್ಲಿ ಹತ್ತಿರದಿಂದ ನೋಡಿ. ವರ್ಷಗಟ್ಟಲೆ ಕಾಟರ್ ಪಿನ್ ಹಾಯಿಸಿ, ತೆಗೆದು, ಟೋಪಿಯ ಎಳೆತಕ್ಕೆ ಸಿಕ್ಕಿದ ಕೊಂಡಿಯ ಒಳ ಅಂಚು ಪಿನ್ ತಾಗುವ ಬದಿಯಲ್ಲಿ ಮಾತ್ರ ಸವೆದು ಹೊಳೆಯುತ್ತದೆ, ಎದುರಿನ ಬದಿ ಕಪ್ಪಾಗಿಯೇ ಇರುತ್ತದೆ. ಎರಡು ಲಗ್ಗೂ ಒಂದೇ ತಂತಿಯವು ಆಗಿರಬೇಕು. ದಪ್ಪ, ಎತ್ತರ, ಬಣ್ಣ ಒಂದೊಂದೂ ಬೇರೆಯಾಗಿದ್ದರೆ ಒಂದನ್ನು ಯಾವಾಗಲೋ ಬದಲಿಸಿದ್ದಾರೆ.

ಸ್ಲೈಡರಿನಲ್ಲಾದರೆ ಬಟ್ಟೆಗೆ ಒರೆಸುವ ಒಳಮೈ ನಯವಾಗಿ, ಬಾಗುವ ಮೂಲೆಯಲ್ಲಿ ಸಣ್ಣ ಬಿರುಕು ಇರಬಹುದು. ಸೈನಿಕ ದಿನಾ ಪಾಲಿಷ್ ಮಾಡಿದ್ದು ಮುಖಕ್ಕೆ, ಬೆನ್ನಿಗಲ್ಲ. ಹಾಗಾಗಿ ಮುಖದ ಚಿತ್ತಾರ ಸವೆದು ನುಣ್ಣಗಾಗಿದ್ದು ಬೆನ್ನಲ್ಲಿ ಹಸಿರು–ಬಿಳಿ ಪಾಲಿಷ್ ಕಸ ಕೂತಿರುವುದು ಸಹಜ. ಮುಖ ಚೆನ್ನಾಗಿ ಸವೆದಿದೆ, ಸ್ಲೈಡರ್ ಮಾತ್ರ ಹೊಸ ನಾಣ್ಯದಂತಿದೆ ಎಂದರೆ ಸ್ಲೈಡರ್ ಬದಲಾಗಿದೆ. ಮುಖ ಹೊಸದು, ಬೆನ್ನು ಮಾತ್ರ ಭಯಂಕರ ಹಳತು ಎಂದರೆ ಯಾರೋ ಬೆನ್ನನ್ನು ಹಳತು ಮಾಡಿದ್ದಾರೆ.

ಅಯಸ್ಕಾಂತ ಕೊನೆಗೆ. ಹಿತ್ತಾಳೆ, ತಾಮ್ರ, ನಿಕಲ್ ಬೆರೆತ ಬಿಳಿ ಲೋಹ ಯಾವುದನ್ನೂ ಅದು ಹಿಡಿಯುವುದಿಲ್ಲ. ಸ್ಲೈಡರ್ ಜಗ್ಗಿದರೆ ಅದು ಲೇಪ ಹಾಕಿದ ಉಕ್ಕು, ಅನುಮಾನ ಪಡಿ. ಬ್ರೂಚಿನ ಪಿನ್ ಉಕ್ಕಿನದಾಗಿರುವುದು ಮಾತ್ರ ಸಾಮಾನ್ಯ. ಯುದ್ಧಕಾಲದಲ್ಲಿ ಹೆಂಡತಿಗೋ ತಾಯಿಗೋ ಕೊಡಲು ಟೋಪಿ ಬ್ಯಾಡ್ಜಿಗೆ ಪಿನ್ ಹಾಕಿಸಿ ಬ್ರೂಚ್ ಮಾಡಿಸುತ್ತಿದ್ದರು. ಅಂಥದ್ದರ ಪಿನ್ ಕಿತ್ತು ಸ್ಲೈಡರ್ ಮರಳಿ ಕೂರಿಸಿದರೆ ಅಡ್ಡ ದಿಕ್ಕಿನಲ್ಲಿ ಎರಡು ಕಲೆ ಉಳಿಯುತ್ತವೆ, ಒಂದು ಹಿಂಜಿನದು, ಇನ್ನೊಂದು ಕೊಕ್ಕೆಯದು. ಲಗ್ಗಿನ ಕಲೆಗಳಂತೆ ಅವೆರಡೂ ಒಂದೇ ಆಕಾರದವಾಗಿರುವುದಿಲ್ಲ.

ಒಂದು ಉದಾಹರಣೆ: ರಾಯಲ್ ಡಬ್ಲಿನ್ ಫ್ಯುಸಿಲಿಯರ್ಸ್

ಐರ್ಲೆಂಡಿನ ಹೆಸರಾದರೂ ಇದರ ಬೇರು ನಮ್ಮ ದಕ್ಷಿಣದಲ್ಲಿದೆ. 1881ರಲ್ಲಿ ರಾಯಲ್ ಮದ್ರಾಸ್ ಫ್ಯುಸಿಲಿಯರ್ಸ್ ಮತ್ತು ರಾಯಲ್ ಬಾಂಬೆ ಫ್ಯುಸಿಲಿಯರ್ಸ್ ಕೂಡಿಸಿ ಈ ರೆಜಿಮೆಂಟ್ ಮಾಡಿದರು. ಇದರ ಬ್ಯಾಡ್ಜಿನಲ್ಲಿ ಉರಿಯುವ ಗ್ರೆನೇಡಿನ ಮೇಲೆ ಹುಲಿ, ಆನೆ ಇರುವುದು ಅದಕ್ಕೇ. 1922ರಲ್ಲಿ ಐರ್ಲೆಂಡಿನ ಇತರ ಹಲವು ರೆಜಿಮೆಂಟುಗಳ ಜೊತೆ ಇದನ್ನೂ ವಿಸರ್ಜಿಸಿದರು. ಬೇಡಿಕೆ ಬಹಳ, ನಕಲಿ ವಿಪರೀತ.

ಟೋಪಿ ಬ್ಯಾಡ್ಜಿನಲ್ಲಿ ಕಿರೀಟವಿಲ್ಲ, ಆದ್ದರಿಂದ ಕಿರೀಟದಿಂದ ಕಾಲ ಹೇಳುವ ದಾರಿ ಮುಚ್ಚಿದೆ. ಫಿಟಿಂಗೇ ಆಧಾರ. 1922ಕ್ಕೆ ಮುಗಿದ ರೆಜಿಮೆಂಟಿಗೆ ಪ್ಲಾಸ್ಟಿಕ್ ಬ್ಯಾಡ್ಜಾಗಲಿ ಆನೊಡೈಸ್ಡ್ ಬ್ಯಾಡ್ಜಾಗಲಿ ಇರಲು ಸಾಧ್ಯವಿಲ್ಲ. ಸೈನಿಕರ ಸ್ಲೈಡರ್ ಇದ್ದರೆ 1896ರ ಸುಮಾರಿನಿಂದ 1922ರ ಒಳಗಿನದು. ಅಂದರೆ ನೂರು ವರ್ಷ ದಾಟಿದ ಬೆಸುಗೆ. ಹಾಗೆ ಕಾಣುತ್ತದೆಯೇ? ಗ್ರೆನೇಡಿನ ಗೋಲದ ಹಿಂದಿನ ಕುಳಿಯೊಳಗೆ, ಸ್ಲೈಡರಿನ ನೆರಳಲ್ಲಿ, ಕೈ ತಾಗದ ಜಾಗದಲ್ಲಿ ಕಸ, ಕಿಲುಬು, ಕಂದು ಬಣ್ಣ ಪದರವಾಗಿ ಕೂತಿರಬೇಕು. ಆ ಜಾಗವೇ ಚಿನ್ನದಂತೆ ಹಳದಿಯಾಗಿ, ಎದ್ದ ಭಾಗ ಮಾತ್ರ ಕಪ್ಪಾಗಿದ್ದರೆ ಹಳತನವನ್ನು ಹೊರಗಿನಿಂದ ಹಚ್ಚಿದ್ದಾರೆ. ಉರಿಯ ನಾಲಿಗೆಗಳ ನಡುವಿನ ಸಂದಿ ಅಸಲಿಯಲ್ಲಿ ಚೂಪು. ಮಸುಕಾಗಿದ್ದರೆ ಫಿಟಿಂಗ್ ಎಷ್ಟೇ ಚೆನ್ನಾಗಿರಲಿ ಕೈಬಿಡಿ, ಹಾಳಾದ ಬೇರೊಂದು ಬ್ಯಾಡ್ಜಿನಿಂದ ಅಸಲಿ ಸ್ಲೈಡರ್ ಕಿತ್ತು ನಕಲಿಗೆ ಹಾಕುವವರೂ ಇದ್ದಾರೆ.

ಭಾರತದಲ್ಲಿ ತಯಾರಾದವು

ಇಲ್ಲಿ ಬ್ರಿಟನ್ನಿನ ಅಳತೆಗೋಲು ಸಡಿಲಿಸಬೇಕು. 1939ರಿಂದ 1945ರ ನಡುವೆ ಬ್ರಿಟಿಷ್ ಇಂಡಿಯನ್ ಸೇನೆ 25 ಲಕ್ಷ ದಾಟಿತು. ಅಷ್ಟು ತಲೆಗಳಿಗೆ ಬರ್ಮಿಂಗ್‌ಹ್ಯಾಮಿನ ಬ್ಯಾಡ್ಜನ್ನೇ ಕಾಯುತ್ತ ಕೂರಲು ಆಗುತ್ತಿರಲಿಲ್ಲ. ಇಲ್ಲಿನ ಹಿತ್ತಾಳೆ ಕೆಲಸದವರು ಮರಳಿನ ಎರಕ ಹೊಯ್ದು, ಬೆನ್ನನ್ನು ಅರದಿಂದ ಉಜ್ಜಿ, ದಪ್ಪ ತಂತಿಯ ಲಗ್ ಕೂರಿಸಿ ಕೊಟ್ಟ ಬ್ಯಾಡ್ಜುಗಳಿವೆ. ಬ್ರಿಟನ್ನಿನ ಬ್ಯಾಡ್ಜಿನಲ್ಲಿ ನಕಲಿಯ ಗುರುತಾಗುವ ಅರದ ಗೆರೆ ಇಲ್ಲಿ ಅಸಲಿಯ ಗುರುತೇ ಆಗಬಹುದು. ಗೆರೆಯ ಅಂಚು ಸವೆದು ಮೊಂಡಾಗಿದೆಯೇ, ಗೆರೆಯೊಳಗೆ ಹಳೆಯ ಕಪ್ಪು ಇಳಿದಿದೆಯೇ ನೋಡಿ. ಈಚಿನ ಅರ ಕೈಗೆ ಚುಚ್ಚುತ್ತದೆ. ಈಗ ಪಾಕಿಸ್ತಾನದಲ್ಲಿರುವ ಸಿಯಾಲ್‌ಕೋಟ್ ಕಡೆ ಇವತ್ತಿಗೂ ರೆಜಿಮೆಂಟಿನ ಬ್ಯಾಡ್ಜುಗಳು ರಾಶಿ ರಾಶಿ ತಯಾರಾಗುತ್ತವೆ, ಅಲ್ಲಿನದನ್ನು ಹೊಸದೆಂದೇ ಮಾರುವವರೂ ಉಂಟು, ಹಳೆಯದೆನ್ನುವವರೂ ಉಂಟು.

ಮೈಸೂರು ಸಂಸ್ಥಾನದ ಸೇನೆಯ ಬ್ಯಾಡ್ಜುಗಳನ್ನು ಕೊಳ್ಳುವವರು ಇನ್ನೊಂದು ಎಚ್ಚರ ಇಟ್ಟುಕೊಳ್ಳಿ. 1918ರ ಸೆಪ್ಟೆಂಬರ್ 23ರಂದು ಹೈಫಾದಲ್ಲಿ ಹೋರಾಡಿದ ಮೈಸೂರು ಲ್ಯಾನ್ಸರ್ಸ್ ಹೆಸರು ಹೇಳಿದರೆ ಬೆಲೆ ಏರುತ್ತದೆ. ಆದರೆ ಗಂಡಭೇರುಂಡ ಸಂಸ್ಥಾನದ ಲಾಂಛನ, ಸೇನೆಗೆ ಮಾತ್ರ ಸೇರಿದ್ದಲ್ಲ. ಗುಂಡಿ, ಬೆಲ್ಟಿನ ಬಿಲ್ಲೆ, ಚಪರಾಸಿ ಬಿಲ್ಲೆಯ ಮೇಲೂ ಅದು ಬರಬಹುದು. ಬೆಲ್ಟಿನ ಅಥವಾ ಪೆಟ್ಟಿಗೆಯ ಬಿಲ್ಲೆಯಿಂದ ಗಂಡಭೇರುಂಡವನ್ನು ಕತ್ತರಿಸಿ ಲಗ್ ಬೆಸೆದರೆ ಹೊರ ಅಂಚಿನಲ್ಲಿ ಗರಗಸದ ಗೆರೆ, ಬೆನ್ನಲ್ಲಿ ರಿವೆಟ್ಟಿನ ಹಳೆಯ ತೂತು ಮುಚ್ಚಿದ ಗುರುತು ಇರುತ್ತದೆ. ಲಗ್ಗಿನ ಬುಡಕ್ಕಿಂತ ಮೊದಲು ಅಂಚಿನ ಸುತ್ತ ಒಂದು ಸುತ್ತು ಹಾಕಿ ಬನ್ನಿ.

ಫೋಟೋ ನೋಡಿ ಕೊಳ್ಳುವಾಗ

ಮಾರುವವರಿಂದ ಇವಿಷ್ಟು ಕೇಳಿ: ಬೆನ್ನಿನ ನೇರ ಚಿತ್ರ, ಅದೇ ಬೆನ್ನು ಓರೆ ಬೆಳಕಿನಲ್ಲಿ, ಸ್ಲೈಡರ್ ಅಥವಾ ಲಗ್ಗಿನ ಬುಡ ಎರಡೂ ಪಕ್ಕದಿಂದ ಹತ್ತಿರದಲ್ಲಿ, ಮುಖದ ನೇರ ಚಿತ್ರ, ಸ್ಕೇಲಿನ ಪಕ್ಕ ಇಟ್ಟು ಒಂದು, ತೂಕ ಗ್ರಾಂನಲ್ಲಿ. ಫ್ಲ್ಯಾಶ್ ಬೇಡವೆಂದು ಹೇಳಿ, ಫ್ಲ್ಯಾಶ್ ಬೂದು ಬೆಸುಗೆಯನ್ನೂ ಹಳದಿ ಬೆಸುಗೆಯನ್ನೂ ಒಂದೇ ಬಿಳುಪು ಮಾಡುತ್ತದೆ. ಬುಡದ ಚಿತ್ರ ಮಾತ್ರ ಮಸುಕಾಗಿ ಬಂದರೆ ಮತ್ತೊಮ್ಮೆ ಕೇಳಿ, ಎರಡನೇ ಸಲವೂ ಮಸುಕಾದರೆ ಬಿಡಿ. ಅದೇ ರೆಜಿಮೆಂಟಿನ, ಅದೇ ಕಾಲದ, ಮೂಲ ಗೊತ್ತಿರುವ ಎರಡು ಮೂರು ಬ್ಯಾಡ್ಜುಗಳ ಸ್ಲೈಡರಿನ ಅಗಲ, ದಪ್ಪ, ಲಗ್ಗುಗಳ ನಡುವಿನ ದೂರ ಬರೆದಿಟ್ಟುಕೊಂಡಿದ್ದರೆ ಹೋಲಿಸುವುದು ಸುಲಭ. ಲಗ್ಗುಗಳ ನಡುವಿನ ದೂರವನ್ನು ನಕಲಿ ಮಾಡುವವರು ಅಷ್ಟಾಗಿ ಗಮನಿಸುವುದಿಲ್ಲ.

ಬದಲಾದ ಫಿಟಿಂಗಿನ ಬ್ಯಾಡ್ಜನ್ನು ಕಡಿಮೆ ಬೆಲೆಗೆ, ಬದಲಾಗಿದೆ ಎಂದು ಗೊತ್ತಿದ್ದೇ ಕೊಳ್ಳಬಹುದು, ಅದರಲ್ಲಿ ತಪ್ಪಿಲ್ಲ. ಕೊಂಡ ಮೇಲೆ "ಸರಿ ಮಾಡಿಸುತ್ತೇನೆ" ಎಂದು ಹೊಸ ಸ್ಲೈಡರ್ ಹಾಕಿಸಬೇಡಿ. ಕಾರ್ಡಿನಲ್ಲಿ ಹೀಗೆ ಬರೆದರೆ ಸಾಕು: "ಮೂಲ ಲಗ್ ಪೂರ್ವ–ಪಶ್ಚಿಮ, ಕಲೆ ಉಳಿದಿದೆ, ಈಗಿನ ಸ್ಲೈಡರ್ ಮೃದು ಬೆಸುಗೆ, ಹಳೆಯದು." ನೂರು ವರ್ಷ ದಾಟಿದ ಚಾರಿತ್ರಿಕ ವಸ್ತು 1972ರ ಪ್ರಾಚೀನ ವಸ್ತು ಕಾಯ್ದೆಯ ವ್ಯಾಪ್ತಿಗೆ ಬರಬಹುದು, ಅಂಥದ್ದನ್ನು ಖಾಸಗಿಯವರು ದೇಶದ ಹೊರಗೆ ಕಳಿಸುವಂತಿಲ್ಲ. ವಿದೇಶದ ಗಿರಾಕಿಗೆ ಅಂಚೆಯಲ್ಲಿ ಕಳಿಸುವ ಮೊದಲು ಪುರಾತತ್ವ ಇಲಾಖೆಯಲ್ಲಿ ವಿಚಾರಿಸಿ.